ಮಾದರಿ ಹೃದಯ

ಒಂದೇ ಒಂದು ಮಹಡಿ ಏರಲು ಲಿಫ್ಟಿಗಾಗಿ ಕಾಯುವವನು ಹೇಗೆ ನಿಲ್ಲಬೇಕು ಎಂಬುದನ್ನು ಅವನು ಎಂಟು ವರ್ಷಗಳಲ್ಲಿ ಚೆನ್ನಾಗಿ ಕಲಿತುಬಿಟ್ಟಿದ್ದ. ಮೆಟ್ಟಿಲಿಗೆ ಬೆನ್ನು ಮಾಡಬೇಕು, ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕು, ಆ ಕಡೆ ಯಾರೂ ಇಲ್ಲದಿದ್ದರೂ ಆಗಾಗ 'ಹೂಂ, ಕಳಿಸಿ, ನೋಡ್ತೀನಿ' ಎನ್ನಬೇಕು. ಕೆಲಸದ ಭಾರದಲ್ಲಿ ತನಗೆ ಕಾಲುಗಳಿವೆ ಎಂಬುದೇ ಮರೆತವನ ಹಾಗೆ ಕಾಣಬೇಕು. ಈ ಬೆಳಿಗ್ಗೆಯೂ ಹಾಗೆ ನಿಂತು ಗಾಳಿಗೆ ಮೂರನೆಯ ಸಲ 'ಹೂಂ' ಎನ್ನುತ್ತಿದ್ದಾಗ ಹಿಂದಿನಿಂದ ಸೇತುವೆಯವಳು ಬಂದಳು. ಮೂರು ತಿಂಗಳ ಹಿಂದೆ ಲ್ಯಾಬಿಗೆ ಸೇರಿದ ಹೆಂಗಸು. ಅದಕ್ಕೆ ಮೊದಲು ಹನ್ನೊಂದು ವರ್ಷ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಳೆಯ ಸೇತುವೆಗಳ ಅಡಿಗೆ ಇಳಿದು ಬಿರುಕು ಹುಡುಕುತ್ತಿದ್ದವಳು. ಯಾರೂ ಹೆಸರು ಕಲಿಯುವ ಮೊದಲೇ ಈ ಅಡ್ಡಹೆಸರು ಅಂಟಿಕೊಂಡಿತ್ತು. "ಬನ್ನಿ ಸರ್, ಒಂದೇ ಮಹಡಿ ತಾನೆ. ಇದು ಬರೋ ಹೊತ್ಗೆ ಎರಡು ಸಲ ಹತ್ತಿ ಇಳೀಬಹುದು," ಎಂದಳು. ಅವನು ಫೋನಿನ ಕಡೆ ಬೆರಳು ತೋರಿಸಿ, ಬಹಳ ಮುಖ್ಯವಾದ ಕರೆ ಎಂಬಂತೆ ಹುಬ್ಬೇರಿಸಿದ. ಅದೇ ಗಳಿಗೆಗೆ ಕಿವಿಗೆ ಒತ್ತಿಕೊಂಡಿದ್ದ ಫೋನು ತಮಟೆ ಕಿತ್ತುಹೋಗುವ ಹಾಗೆ ಹೊಡೆದುಕೊಂಡಿತು. ಸೇತುವೆಯವಳು ನಗಲಿಲ್ಲ. ನಕ್ಕುಬಿಟ್ಟಿದ್ದರೆ ವಾಸಿಯಿತ್ತು. ಬಿರುಕು ಕಂಡವಳ ಹಾಗೆ ಅರೆಕ್ಷಣ ಅವನನ್ನು ನೋಡಿ, ಎರಡೆರಡು ಮೆಟ್ಟಿಲು ದಾಟಿಕೊಂಡು ಮೇಲೆ ಹೋದಳು.

ಕರೆ ಹೆಂಡತಿಯದು. ಅವಳದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷಿಸಿ, ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸುವುದೆಲ್ಲ ಅವಳೇ. "ಹೊಸ ಯಂತ್ರ ಬಂದಿದೆ ಕಣೋ. ಸಂಜೆ ಈ ಕಡೆ ಬರ್ತೀಯಾ? ಪೆಟ್ಟಿಗೆ ಒಳಗೆ ತಗೊಂಡು ಹೋಗ್ಬೇಕು."

"ನನ್ನ ಬೆನ್ನು..."

"ಗೊತ್ತು, ಗೊತ್ತು, ನಿನ್ನ ಬೆನ್ನು. ನೀನು ಎತ್ತೋದೇನೂ ಬೇಡ. ಪಕ್ಕದಲ್ಲಿ ನಿಂತ್ಕೊಂಡು 'ಹುಷಾರು, ಹುಷಾರು' ಅನ್ನೋಕಾದ್ರೂ ಬಾ."

ಅವನ ಬೆನ್ನಿಗೆ ಏನೂ ಆಗಿರಲಿಲ್ಲ. ಅಣ್ಣತಮ್ಮಂದಿರಲ್ಲೆಲ್ಲ ಗಟ್ಟಿ ಬೆನ್ನು ಅವನದೇ. ಎಂಟು ವರ್ಷಗಳಿಂದ ಅದು ಇನ್ನೊಂದು ಅಂಗದ ಅಪವಾದವನ್ನು ಹೊತ್ತುಕೊಂಡು ತಿರುಗುತ್ತಿತ್ತು, ಅಷ್ಟೆ. ಆ ಇನ್ನೊಂದು ಅಂಗ ಲಿಫ್ಟಿನ ಬಾಗಿಲು ತೆರೆದ ಕೂಡಲೇ ಎದುರಿಗೇ ಕಾಣುತ್ತಿತ್ತು: ಲ್ಯಾಬಿನ ಹೊಸ್ತಿಲಲ್ಲಿ ಆಳೆತ್ತರದ ಪರದೆ, ಅದರಲ್ಲಿ ಹಗಲೂ ರಾತ್ರಿ ಬಡಿದುಕೊಳ್ಳುವ ಒಂದು ಹೃದಯ. ಹಿಗ್ಗುವಾಗ ನೀಲಿ, ಕುಗ್ಗುವಾಗ ಕೆಂಪು. ಕೆಳಗೆ 'ಮಾದರಿ ಹೃದಯ, ಆರೋಗ್ಯವಂತ ವಯಸ್ಕ' ಎಂಬ ಬರಹ. ಬಂದ ಅತಿಥಿಗಳೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು; ಸ್ವಚ್ಛತೆಯ ಹೆಂಗಸು ದಿನಾ ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದಳು. ಅದು ತನ್ನದು ಎಂಬುದು ಅವನನ್ನು ಬಿಟ್ಟರೆ ಈ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಲ್ಯಾಬಿಗೆ ಒಂದು ಆರೋಗ್ಯವಂತ ಹೃದಯ ಬೇಕಾಗಿತ್ತು; ಬರುತ್ತೇನೆಂದ ಸ್ವಯಂಸೇವಕ ಹೆದರಿ ಕೈಕೊಟ್ಟ; ಗೊತ್ತು ಮಾಡಿದ್ದ ಸ್ಕ್ಯಾನ್ ಯಂತ್ರದ ಹೊತ್ತು ಹಾಳಾಗಬಾರದು ಎಂದು ಇವನೇ ಅಂಗಿ ಬಿಚ್ಚಿ ಮಲಗಿದ. ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದ. ನಿಜ ಹೇಳಬೇಕೆಂದರೆ ಆಗ ಅವನಿಗೆ ಮೂವತ್ತೊಂಬತ್ತು. ಅಪ್ಪ ಐವತ್ತೊಂದಕ್ಕೆ ಕ್ಷೌರದ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಕ್ಷೌರಿಕ ಅವರಿಗೆ ನಿದ್ದೆ ಬಂದಿದೆ ಎಂದುಕೊಂಡು ಎರಡನೆಯ ಕೆನ್ನೆಯನ್ನೂ ಮುಗಿಸಿದ ಮೇಲೆಯೇ ಭುಜ ಅಲುಗಿಸಿದ್ದ. ಅಪ್ಪನನ್ನು ಮನೆಗೆ ತಂದಾಗ ಎರಡೂ ಕೆನ್ನೆ ಎಷ್ಟು ನುಣ್ಣಗಿದ್ದವೆಂದರೆ ಚಿಕ್ಕಮ್ಮ ಅಳುವುದರ ನಡುವೆಯೇ 'ಮದುವೆ ದಿನದ ಹಾಗಿದಾರೆ' ಎಂದಿದ್ದಳು. ಯಾರಿಗೂ ಹೇಳದೆ, ಡಾಕ್ಟರ ಮುಂದೆ ಕೂರದೆ, ಬಿಟ್ಟಿಯಾಗಿ ತನ್ನ ಹೃದಯವನ್ನೊಮ್ಮೆ ನೋಡಿಬಿಡುವ ಆಸೆ ಯಾವ ಮಗನಿಗೆ ಇರುವುದಿಲ್ಲ? ಕಡತದಲ್ಲಿ ಅವನು ಹೆಸರಿಲ್ಲದ 'ಸ್ವಯಂಸೇವಕ ಏಳು' ಆದ. ಸ್ಕ್ಯಾನು ತೆಗೆದವನು ಮರುವರ್ಷ ಬೇರೆ ಊರಿಗೆ ಹೋದ. ಮಿಕ್ಕದ್ದು ಅವನಿಗೂ ಅವನ ಕಂಪ್ಯೂಟರಿನ ಮೌಸಿಗೂ ನಡುವಿನ ವಿಷಯ.

ಕೆಲಸ ಅಂಥದು. ಆಸ್ಪತ್ರೆಯಿಂದ ಬರುವ ಸ್ಕ್ಯಾನೆಂದರೆ ಬ್ರೆಡ್ಡಿನ ಹೋಳುಗಳ ಹಾಗೆ ಒಂದರ ಮೇಲೊಂದು ಪೇರಿಸಿದ ಬೂದು ಚಿತ್ರಗಳು. ಒಂದೊಂದರಲ್ಲೂ ಮಾಂಸ ಎಲ್ಲಿ ಮುಗಿಯಿತು, ರಕ್ತ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು, ಗೆರೆಗಳನ್ನು ಸೇರಿಸಿ ಹೊಲಿದು ಒಂದು ಚರ್ಮ ಮಾಡಿ, ಆ ಚರ್ಮದೊಳಗೆ ನಾಲ್ಕು ಮುಖದ ಲಕ್ಷಾಂತರ ಪುಟ್ಟ ತುಂಡುಗಳನ್ನು ಸಂದಿಲ್ಲದಂತೆ ತುಂಬಬೇಕು. ಇದೇ ಮೆಶ್. ಆಮೇಲೆ ಕಂಪ್ಯೂಟರು ತುಂಡು ತುಂಡನ್ನೂ ನೂಕಿ ಎಳೆದು, ಎಷ್ಟು ಒತ್ತಿದರೆ ಎಷ್ಟು ಬಾಗುತ್ತದೆ, ಎಲ್ಲಿ ಹರಿಯುತ್ತದೆ ಎಂದು ಹೇಳುತ್ತದೆ. ಲಕ್ಷದಲ್ಲಿ ಒಂದೇ ತುಂಡು ಚಪ್ಪಟೆಯಾದರೂ, ಮಗುಚಿಕೊಂಡು ಒಳಹೊರಗಾದರೂ, ಇಡೀ ಲೆಕ್ಕ ಮುನಿಸಿಕೊಂಡ ನೆಂಟನ ಹಾಗೆ ಅಲ್ಲೇ ಕೂತುಬಿಡುತ್ತದೆ. ಆದ್ದರಿಂದ ನುಣುಪು ಮಾಡಬೇಕು. ಮನುಷ್ಯರ ಒಳಗು ಹೊರಗಿಗಿಂತ ಒರಟು: ಉಬ್ಬು, ತಗ್ಗು, ಮಡಿಕೆ, ಎಲ್ಲಿಂದಲೋ ಎಲ್ಲಿಗೋ ಹಾಯುವ ನಾರು. ಪರದೆಯ ಮೇಲೆ ಅವನ ಕುಂಚ ಆಡಿದರೆ ಕುಡುಕನ ಯಕೃತ್ತೂ ಸೋಪಿನ ಬಿಲ್ಲೆಯಾಗುತ್ತಿತ್ತು. ಈ ಕೈಗುಣಕ್ಕೋ, ತಲೆಯಲ್ಲಿ ಕೂದಲು ಉಳಿಯದೆ ಇದ್ದುದಕ್ಕೋ, ಲ್ಯಾಬಿನವರು ಬೆನ್ನ ಹಿಂದೆ ಅವನನ್ನು ನುಣ್ಣಣ್ಣ ಎನ್ನುತ್ತಿದ್ದರು. ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗಿರುವುದರಲ್ಲಿ ಅವನು ಪಳಗಿದವನು.

"ನಾಲ್ಕು ಗಂಟೆಗೆ ತಿರುಪಿನವರು ಬರ್ತಾರೆ," ಎಂದು ಮುಖ್ಯಸ್ಥ ಬಂದು ಅವನ ಕುರ್ಚಿಯ ಬೆನ್ನು ತಟ್ಟಿದ. ಕುರ್ಚಿಯ ಬೆನ್ನನ್ನೇ ತಟ್ಟುವುದು ಅವನ ರೂಢಿ, ಮನುಷ್ಯರದಲ್ಲ. ಒಳ್ಳೆಯ ಮೆಶ್ ಕಂಡರೂ ಕೆಟ್ಟ ಕಾಫಿ ಕಂಡರೂ 'ಸುಂದರ' ಎನ್ನುವ ಮನುಷ್ಯ. ತಿರುಪಿನವರು ಅಂದರೆ ಹೃದಯದ ಚೂಪು ತುದಿಗೆ ಒಳಗಿನಿಂದ ಕಚ್ಚಿಕೊಂಡು ಕೂರುವ ಒಂದು ಪುಟ್ಟ ತಿರುಪನ್ನು ಕಂಡುಹಿಡಿದ ಕಂಪನಿಯವರು. ದುರ್ಬಲವಾದ ಕವಾಟವನ್ನು ಆ ತಿರುಪಿಗೆ ದಾರ ಕಟ್ಟಿ ಎಳೆದು ಹಿಡಿಯುವ ಯೋಜನೆ. ತಿರುಪು ನಾಲ್ಕು ಮಿಲಿಮೀಟರ್ ಉದ್ದ. ಮಾದರಿ ಹೃದಯದ ತುದಿಯ ಗೋಡೆ ಎಂಟು ಮಿಲಿಮೀಟರ್ ದಪ್ಪ. ಕೆಮ್ಮಿದರೂ, ಬಿದ್ದರೂ, ಓಡಿದರೂ ತಿರುಪು ಅರ್ಧ ದಾರಿಗಿಂತ ಆಚೆ ಹೋಗುವುದಿಲ್ಲ ಎಂದು ಲ್ಯಾಬು ನಲವತ್ತು ಪುಟಗಳಲ್ಲಿ ಬಣ್ಣಬಣ್ಣವಾಗಿ ತೋರಿಸಿತ್ತು. ಅದರಿಂದ ಪ್ರಾಣಿಗಳ ಮೇಲಿನ ಪ್ರಯೋಗ ಉಳಿಯಿತೆಂದು ಕಂಪನಿಯ ಕರಪತ್ರದಲ್ಲಿ ಒಂದು ಮೊಲ ನಗುತ್ತಿತ್ತು. ಇವತ್ತು ಸಹಿ, ಮುಂದಿನ ತಿಂಗಳು ಹನ್ನೆರಡು ಜನ ರೋಗಿಗಳು. "ಸುಂದರ," ಎಂದು ಮುಖ್ಯಸ್ಥ ಯಾವುದನ್ನೂ ನೋಡದೆ ಹೇಳಿ ಹೋದ.

ಅವನು ಹೋದ ದಾರಿಯಲ್ಲೇ ಸೇತುವೆಯವಳು ಬಂದು ನಿಂತಳು. "ಸರ್, ಮಾದರಿ ಹೃದಯದ್ದು ಮೂಲ ಸ್ಕ್ಯಾನ್ ಎಲ್ಲಿದೆ?"

"ಯಾಕೆ?"

"ತುದಿ ಬಹಳ ಚೆನ್ನಾಗಿದೆ."

"ಚೆನ್ನಾಗಿದ್ರೆ ತಪ್ಪಾ?"

"ಸೇತುವೇಲಿ ಎಲ್ಲಾ ಕಡೆ ತುಕ್ಕು ಹಿಡಿದು, ಒಂದು ಕಡೆ ಮಾತ್ರ ಹೊಸ ಬಣ್ಣ ಇದ್ರೆ ನಾನು ಮೊದ್ಲು ಅಲ್ಲೇ ಕೆರೀತಿದ್ದೆ ಸರ್. ಅಭ್ಯಾಸ."

ಹಳೆಯ ಡಿಸ್ಕು ಕೆಟ್ಟುಹೋಗಿದೆ, ಆಗಿನ ಕಡತಗಳು ಈಗ ಸಿಗುವುದಿಲ್ಲ ಎಂದ. ಹೇಳುವಾಗ ಕೈ ತಾನಾಗಿ ಎದೆಯ ಎಡಭಾಗಕ್ಕೆ ಹೋಗಿ, ಅಲ್ಲಿದ್ದ ಪೆನ್ನನ್ನು ಸರಿಪಡಿಸಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡದ್ದು ಹೀಗೆಯೇ ಇರಬೇಕು. ಅವಳು 'ಸರಿ' ಎಂದು ಹೋದಳು, ಆದರೆ ಸರಿ ಎಂದ ರೀತಿ ಸರಿಯಿರಲಿಲ್ಲ. ಎಂಟು ವರ್ಷದ ಹಿಂದೆ ಇದೇ ಕುರ್ಚಿ, ಇದೇ ಕಿಟಕಿ, ಆಚೆ ರಸ್ತೆಯ ಆ ಬದಿಗೆ ಇದೇ ಆಸ್ಪತ್ರೆಯ ಹಿಂಬಾಗಿಲು. ಆಗ ಅವನು ಮೊಣಕಾಲಿನ ಮಾದರಿಗಳನ್ನು ಬಿಟ್ಟು ಹೃದಯಕ್ಕೆ ಬಂದ ಹೊಸಬ. ತನ್ನ ಹೋಳುಗಳನ್ನು ಒಂದೊಂದಾಗಿ ಇಳಿಯುತ್ತ, ಗೆರೆ ಎಳೆಯುತ್ತ, ಕೊನೆಗೆ ತುದಿಗೆ ಬಂದಾಗ ಗೋಡೆ ಇದ್ದಕ್ಕಿದ್ದಂತೆ ಕಾಗದವಾಗಿತ್ತು. ಸುತ್ತಲೂ ಎಂಟು, ಒಂಬತ್ತು ಮಿಲಿಮೀಟರ್. ತುದಿಯ ಚುಕ್ಕೆಯಲ್ಲಿ ಒಂದೂವರೆ. ಮೂರು ಸಲ ಅಳೆದ. ಅಲ್ಲಿಗೆ ತುಂಬಿದ ತುಂಡುಗಳೆಲ್ಲ ಜಜ್ಜಿಹೋಗಿ ಕೆಂಪಾಗಿ ಮಿನುಗಿದವು, ಲೆಕ್ಕ ನಿಂತಿತು. ಇದೇ ಅಪ್ಪನನ್ನು ಕುರ್ಚಿಯಿಂದ ಏಳಗೊಡದ ಜಾಗ ಎಂದು ಅವನಿಗೆ ತಕ್ಷಣ, ಯಾವ ಸಾಕ್ಷಿಯೂ ಇಲ್ಲದೆ ಹೊಳೆಯಿತು. ಡಾಕ್ಟರನ್ನು ಕೇಳಬಹುದಿತ್ತು; ಕೇಳಿದರೆ ಅವರು ಹೌದು ಎಂದುಬಿಡಬಹುದಿತ್ತು. ಪುಸ್ತಕ ತೆಗೆಯಬಹುದಿತ್ತು, ತೆಗೆದು ಹೆದರುವಷ್ಟು ಓದಿ, ಧೈರ್ಯ ಬರುವ ಸಾಲಿಗೆ ಮೊದಲೇ ಮುಚ್ಚಿದ. ಆಮೇಲೆ ಕುಂಚ ಎತ್ತಿಕೊಂಡು ಒಂದೂವರೆಯನ್ನು ಎರಡು ಮಾಡಿದ, ಮೂರು ಮಾಡಿದ, ಕೈ ನಿಲ್ಲಲಿಲ್ಲ, ಎಂಟು ಮಾಡಿದ. ಲೆಕ್ಕ ಸರಾಗವಾಗಿ ಓಡಿತು. ಹೃದಯ ಬಡಿಯಿತು. ಮುಖ್ಯಸ್ಥ 'ಸುಂದರ' ಎಂದ. ಅದು ತಪ್ಪೆಂದು ಗೊತ್ತಿರಲಿಲ್ಲವೆ ಎಂದು ಯಾರಾದರೂ ಕೇಳಿದ್ದರೆ, ಗೊತ್ತಿರಲಿಲ್ಲ ಎಂದು ಹೇಳುವುದಕ್ಕೆ ಬೇಕಾದಷ್ಟು ಗೊತ್ತಿತ್ತು. ಆಮೇಲೆ ಬಂದ ನಾನ್ನೂರು ರೋಗಿಗಳ ಹೃದಯಗಳನ್ನು ಲ್ಯಾಬು ಹೊಸದಾಗಿ ಮಾಡಲಿಲ್ಲ. ಈ ಮಾದರಿಯನ್ನೇ ಹಿಗ್ಗಿಸಿ, ಹಿಂಡಿ, ಅವರವರ ಅಳತೆಗೆ ಎಳೆದು ಕೂರಿಸಿತು. ಹಾಗಾಗಿ ಯಾರ ತುದಿಯೂ ಯಾರಿಗೂ ಮತ್ತೆ ಕಾಣಲಿಲ್ಲ. ನಾನ್ನೂರು ಜನರ ಎದೆಯಲ್ಲಿ ಅವನ ಕುಂಚದ ಎಂಟು ಮಿಲಿಮೀಟರು ಬಡಿದುಕೊಳ್ಳುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಅವನು ಹತ್ತಿರದ್ದನ್ನೂ ಬಿಟ್ಟಿರಲಿಲ್ಲ.

ಹನ್ನೊಂದೂವರೆಗೆ ಸೇತುವೆಯವಳ ಮೇಜಿನ ಸುತ್ತ ನಾಲ್ಕೈದು ಜನ ಸೇರಿದ್ದರು. ಕೆಟ್ಟುಹೋಗಿದ್ದ ಡಿಸ್ಕು ಕೆಟ್ಟಿರಲಿಲ್ಲ; ಕಪಾಟಿನ ತಳದಲ್ಲಿ, ಯಾರೋ ಬಾಗಿಲಿಗೆ ಅಡ್ಡ ಕೊಡುತ್ತಿದ್ದ ಪೆಟ್ಟಿಗೆಯಲ್ಲಿ ಸುಖವಾಗಿತ್ತು. ಅವಳ ಪರದೆಯ ಮೇಲೆ ಬೂದು ಹೋಳು, ಅದರ ಮೇಲೆ ಹಳದಿ ಗೆರೆಯಲ್ಲಿ ಮಾದರಿ ಹೃದಯ. ಎಲ್ಲ ಕಡೆ ಗೆರೆ ಮಾಂಸಕ್ಕೆ ಸರಿಯಾಗಿ ಕೂತಿತ್ತು. ತುದಿಯಲ್ಲಿ ಮಾತ್ರ ಮಾಂಸ ಕೂದಲೆಳೆಯಷ್ಟಿತ್ತು, ಹಳದಿಯದು ಬೆರಳು ದಪ್ಪ ಇತ್ತು.

"ಸ್ವಯಂಸೇವಕ ಏಳು," ಎಂದು ಅವಳು ಕಡತ ಓದಿದಳು. "ಮೂವತ್ತೊಂಬತ್ತು ವರ್ಷ. ಹೆಸರಿಲ್ಲ. ನೋಡಿ ಎಷ್ಟು ತೆಳ್ಳಗಿದೆ! ಪಾಪ, ಇದಾನೋ ಇಲ್ವೋ."

"ಎಂಟು ವರ್ಷ ಆಯ್ತಲ್ಲಾ? ಹೋಗಿರ್ತಾನೆ ಬಿಡಿ," ಎಂದು ಹಿಂದಿನ ಸಾಲಿನಲ್ಲಿ ಕೂತು ಯಕೃತ್ತಿನ ಮಾದರಿ ಮಾಡುವ ಯಕೃತ್ತಿನವನು ಕಾಫಿ ಹೀರಿದ.

"ಇಷ್ಟು ದಿನ ನಾವು ಸತ್ತವನ ಹೃದಯಾನ ಬಾಗ್ಲಲ್ಲಿಟ್ಟು ಮಾದರಿ ಅಂತ ತೋರಿಸ್ತಿದ್ವಾ?" ಎಂದು ಇನ್ಯಾರೋ ನಕ್ಕರು.

ಅವನು ಅವರ ಬೆನ್ನ ಹಿಂದೆ ನಿಂತು ತನ್ನ ಶ್ರದ್ಧಾಂಜಲಿಯನ್ನು ಕೇಳಿಸಿಕೊಂಡ. ವಿಚಿತ್ರವೆಂದರೆ ಭಯಕ್ಕಿಂತ ಮೊದಲು ಬಂದದ್ದು ಒಂದು ಬಗೆಯ ಹೆಮ್ಮೆ: ಎಲ್ಲರೂ ಒಪ್ಪುವಂಥ ಗಂಡಾಂತರವನ್ನು ಅವನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು, ಒಬ್ಬನೇ, ಸದ್ದಿಲ್ಲದೆ, ಸಮಯಕ್ಕೆ ಸರಿಯಾಗಿ ಆಫೀಸಿಗೆ ಬಂದಿದ್ದ. "ಕೊಡಿ ಆ ಚಿತ್ರ," ಎಂದ. "ಹೃದಯದ ಡಾಕ್ಟರನ್ನ ಕೇಳ್ಕೊಂಡು ಬರ್ತೀನಿ." ಸೇತುವೆಯವಳು ಅಚ್ಚು ತೆಗೆದುಕೊಟ್ಟಳು. ಅವಳ ಕಣ್ಣಲ್ಲಿ ಬೆಳಿಗ್ಗೆಯ ಅದೇ ನೋಟ ಇತ್ತು, ಸ್ವಲ್ಪ ಮೆತ್ತಗಾಗಿ.

ರಸ್ತೆ ದಾಟುವಾಗ ಎದೆಯ ತುದಿ ಹೊಡೆದುಕೊಳ್ಳುವುದು ಅಂಗಿಯ ಮೇಲೇ ಕಾಣುತ್ತಿದೆ ಅನ್ನಿಸಿತು. ನಿಧಾನ, ನಿಧಾನ. ಎಂಟು ವರ್ಷದಿಂದ ಅವನು ಓಡಿರಲಿಲ್ಲ, ಜೋರಾಗಿ ಜಗಳವಾಡಿರಲಿಲ್ಲ, ಹೊಟ್ಟೆ ಹಿಡಿದು ನಕ್ಕಿರಲಿಲ್ಲ. ಅತ್ತೆಯ ಮನೆ ಮೂರನೆಯ ಮಹಡಿಯಲ್ಲಿತ್ತೆಂದು, ಅವರು ಕಾಯಿಲೆ ಬಿದ್ದಾಗಲೂ ಕೆಳಗಿನ ಅಂಗಡಿಯಿಂದ ಹಣ್ಣು ಕೊಂಡು ಹೆಂಡತಿಯ ಕೈಲಿ ಕಳಿಸಿ ತಾನು ಬೆಂಚಿನ ಮೇಲೆ ಕೂತಿದ್ದ. ಆ ಸ್ಕ್ಯಾನಾದ ವಾರದಲ್ಲೇ ಹೆಂಡತಿ, ಗ್ಯಾಸ್ ಒಲೆ ಒರೆಸುತ್ತಿದ್ದವಳು ತಿರುಗದೇ, 'ಈ ವರ್ಷ ಮಗು ಯೋಚ್ನೆ ಮಾಡೋಣ್ವಾ?' ಎಂದಿದ್ದಳು. ಮದುವೆಯಾಗಿ ನಾಲ್ಕು ವರ್ಷ, ಅಂಗಡಿ ಒಂದು ದಡಕ್ಕೆ ಬಂದಿತ್ತು. ಅವನು 'ಇನ್ನೊಂದು ವರ್ಷ ಹೋಗ್ಲಿ' ಎಂದ. ಮರುವರ್ಷ ಕೇಳಿದಾಗಲೂ ಅದೇ. ಮೂರನೆಯ ವರ್ಷ ಅವಳು ಅತ್ತಳು. ಅವನು ಬೆನ್ನು ನೋವೆಂದು ಪಕ್ಕದ ಕೋಣೆಯಲ್ಲಿ ಮಲಗಿದ. ಆಮೇಲೆ ಒಂದು ವರ್ಷ ಅವಳು ಕೇಳಲಿಲ್ಲ, ಕೇಳಲಿಲ್ಲವೆಂಬುದು ಅವನಿಗೆ ಮುಂದಿನ ವರ್ಷ ಗೊತ್ತಾಯಿತು. ತಂದೆಯಿಲ್ಲದ ಮಗುವನ್ನು ಲೋಕಕ್ಕೆ ತರಬಾರದೆಂಬ ತನ್ನ ಈ ತ್ಯಾಗವನ್ನು ಯಾರಿಗೂ ಹೇಳದೆ ಇರುವುದೂ ತ್ಯಾಗದ ಭಾಗವೇ ಎಂದು ಎಷ್ಟೋ ಮಧ್ಯಾಹ್ನ ಒಳಗೊಳಗೇ ಬೆನ್ನು ತಟ್ಟಿಕೊಂಡಿದ್ದ. ಆ ಗಟ್ಟಿ ಬೆನ್ನನ್ನೇ.

ಹೃದಯದ ಡಾಕ್ಟರು ಅರವತ್ತರ ಹತ್ತಿರದ ಹೆಂಗಸು. ಕಿಟಕಿಯ ಕಟ್ಟೆಗೆ ಒರಗಿ ನಿಂತು ಸೇಬು ತಿನ್ನುತ್ತಿದ್ದರು. ಚಿತ್ರವನ್ನು ಬೆಳಕಿಗೆ ಹಿಡಿದರು. ಅವನು ತೀರ್ಪಿಗೆ ತಲೆ ಬಾಗಿಸಿದ ಹಾಗೆ ನಿಂತ.

"ಚೆನ್ನಾಗಿದೆಯಲ್ಲ," ಎಂದರು ಡಾಕ್ಟರು.

"ತುದಿ ನೋಡಿದ್ರಾ ಮೇಡಂ? ಒಂದೂವರೆ ಮಿಲಿಮೀಟರ್."

"ಹೂಂ. ತುದಿ ಅಷ್ಟೇ ಇರೋದು."

"ಯಾರಿಗೆ?"

"ಯಾರಿಗೆ ಅಂದ್ರೆ? ಎಲ್ರಿಗೂ. ನಾರುಗಳು ಅಲ್ಲಿ ಸುಳಿ ಸುತ್ತಿಕೊಂಡು ವಾಪಸ್ ಹೋಗ್ತವೆ, ಮಧ್ಯೆ ಒಂದು ಚುಕ್ಕೆ ಜಾಗ ತೆಳ್ಳಗೆ ಉಳಿಯುತ್ತೆ. ನನಗೂ ಇದೆ, ನಿಮಗೂ ಇದೆ. ಪಠ್ಯದ ಚಿತ್ರ ಬರೆಯೋರು ದಪ್ಪ ಬರೀತಾರೆ, ಅದು ಬೇರೆ." ಸೇಬಿನ ಇನ್ನೊಂದು ತುಂಡು ಕಚ್ಚಿದರು. "ಯಾರ್ದಿದು?"

"ಒಬ್ಬ ಸ್ವಯಂಸೇವಕ."

ಡಾಕ್ಟರು ಅವನ ಹಣೆಯ ಬೆವರನ್ನು ನೋಡಿದರು. "ಆ ಸ್ವಯಂಸೇವಕರಿಗೆ ಹೇಳಿ, ಅವರ ಹೃದಯ ಅತ್ಯಂತ ಸಾಧಾರಣ ಹೃದಯ. ಹೆದರೋಕೆ ಅದ್ರಲ್ಲಿ ಏನೂ ಇಲ್ಲ."

ಸಂತೋಷವಾಗಬೇಕಿತ್ತು. ಆದದ್ದು ಅವಮಾನ. ಎಂಟು ವರ್ಷ ಎದೆಯಲ್ಲಿ ಹುಲಿ ಕಟ್ಟಿಕೊಂಡಿದ್ದೇನೆಂದು ಉಸಿರು ಬಿಗಿಹಿಡಿದು ನಡೆದವನಿಗೆ, ಅದು ಬೀದಿಯಲ್ಲಿ ಹೋಗುವವರೆಲ್ಲರ ಬಳಿಯೂ ಇರುವ ಬೆಕ್ಕು ಎಂದು ಹೇಳಿದ ಹಾಗಾಯಿತು. ಬಸ್ಸಿನ ಡ್ರೈವರಿಗಿದೆ, ಮುಖ್ಯಸ್ಥನಿಗಿದೆ, ಯಕೃತ್ತಿನವನಿಗೂ ಇದೆ. ಅಷ್ಟು ದೊಡ್ಡ ದುಃಖಕ್ಕೆ ಅವನಿಗೆ ಅರ್ಹತೆಯೇ ಇರಲಿಲ್ಲ. "ಹಾಗಾದ್ರೆ ಅಪ್ಪ..." ಎಂದವನು ನಾಲಿಗೆ ಕಚ್ಚಿಕೊಂಡ. ಡಾಕ್ಟರು ಕೇಳಿಸಿಕೊಂಡರೋ ಇಲ್ಲವೋ, ಅವರ ಗಮನ ಚಿತ್ರದ ಮೇಲಿನ ಹಳದಿ ಗೆರೆಗೆ ಹೋಗಿತ್ತು. ಅಗಿಯುವುದು ನಿಂತಿತು.

"ಈ ಹಳದಿ ಏನು?"

"ಅದು ನಮ್ಮ ಮಾದರಿ."

"ನಿಮ್ಮ ಮಾದರೀಲಿ ತುದಿ ಇಷ್ಟು ದಪ್ಪ ಇದ್ಯಾ? ತಿರುಪು ಪರೀಕ್ಷೆ ಮಾಡಿದ್ದು ಇದ್ರ ಮೇಲಾ?" ಸೇಬನ್ನು ಕಟ್ಟೆಯ ಮೇಲಿಟ್ಟರು. "ಆ ಹನ್ನೆರಡು ಜನರಲ್ಲಿ ಐದು ಜನ ನನ್ನ ರೋಗಿಗಳು ರೀ. ನಿಮ್ಮ ನಲವತ್ತು ಪುಟ ನೋಡಿ ನಾನು ಅವರಿಗೆ ಧೈರ್ಯ ಹೇಳಿದೀನಿ. ಅದು ಸರಿಯಾಗಿ ತುದಿಗೇ ಹೋದ್ರೆ ಆಚೆ ಬರುತ್ತೆ." ಅವರ ದನಿ ಏರಲಿಲ್ಲ. "ನೀವು ಹೇಳ್ತೀರೋ, ನಾನು ಬಂದು ಹೇಳ್ಲೋ?"

"ನಾನೇ ಹೇಳ್ತೀನಿ," ಎಂದ. ಹೇಳಿದ್ದು ತಾನೇ ಹೌದೋ ಎಂದು ಮೆಟ್ಟಿಲಿಳಿಯುವಾಗ ಅನುಮಾನವಾಯಿತು.

ನಾಲ್ಕು ಗಂಟೆಗೆ ತಿರುಪಿನವರು ಇಬ್ಬರು ಬಂದರು: ಒಬ್ಬ ಹಿರಿಯ, ಗಡಿಯಾರ ನೋಡಿಕೊಳ್ಳುವವನು; ಒಬ್ಬ ಕಿರಿಯ, ಹಿರಿಯ ನಕ್ಕಾಗ ನಗುವವನು. ಮುಖ್ಯಸ್ಥ ದೀಪ ಆರಿಸಿ ಚಿತ್ರಗಳನ್ನು ತೋರಿಸಿದ. ಗೋಡೆಯ ಮೇಲೆ ಹೃದಯ ಕೆಮ್ಮಿತು, ಓಡಿತು, ಮಂಚದಿಂದ ಬಿತ್ತು. ತಿರುಪು ಮಾಂಸದೊಳಗೆ ಭದ್ರವಾಗಿ ಕೂತಿತ್ತು. ಅವನು ಮೇಜಿನ ಕೊನೆಯಲ್ಲಿ ಕೂತು, ಈಗ ಹೇಳುತ್ತೇನೆ, ಈ ಚಿತ್ರ ಮುಗಿದ ಮೇಲೆ, ಇಲ್ಲ, ಇದಾದ ಮೇಲೆ ಎಂದುಕೊಳ್ಳುತ್ತಿದ್ದ. ಶಾಲೆಯಲ್ಲಿ ಒಂದಕ್ಕೆ ಹೋಗಬೇಕೆಂದು ಕೈಯೆತ್ತಲಾಗದೆ ಕೂತ ಮಧ್ಯಾಹ್ನದ ನೆನಪಾಯಿತು. ಆ ದಿನ ಹೇಳುವುದಕ್ಕೆ ಮೊದಲೇ ಎಲ್ಲವೂ ತಾನಾಗಿ ಬಯಲಾಗಿತ್ತು. ಸೇತುವೆಯವಳು ಎದುರಿಗೆ ಕೈಕಟ್ಟಿ ಕೂತಿದ್ದಳು. ಅವಳು ಹೇಳಬಹುದಿತ್ತು, ಹೇಳುತ್ತಿರಲಿಲ್ಲ. ಅವನಿಗಾಗಿ ಜಾಗ ಬಿಟ್ಟಿದ್ದಳು. ಹಿರಿಯ ಪೆನ್ನು ತೆಗೆದ.

"ತುದಿ ತಪ್ಪಿದೆ," ಎಂದ ಅವನು. ದನಿ ಕೀರಲಾಗಿ ಬಂತು.

"ಸುಂದರ," ಎಂದ ಮುಖ್ಯಸ್ಥ. ಆಮೇಲೆ, "ಏನು?"

"ಎಂಟು ಮಿಲಿಮೀಟರ್ ಅಲ್ಲ ಅದು, ಒಂದೂವರೆ. ನಿಜವಾದ ಹೃದಯದಲ್ಲಿ ಈ ತಿರುಪು ಆಚೆ ಬರುತ್ತೆ."

ಮುಖ್ಯಸ್ಥ ನಕ್ಕ, ಹೊಟ್ಟೆಯಿಂದಲ್ಲ, ಹಲ್ಲಿನಿಂದ. "ಅವರು ಹೇಳ್ತಿರೋದು, ಎರಡನೇ ಹಂತದಲ್ಲಿ ಬೇರೆಬೇರೆ ದಪ್ಪಗಳನ್ನೂ ನೋಡೋ ಯೋಚನೆ ನಮಗಿದೆ ಅಂತ."

"ಅಲ್ಲ," ಎಂದ ಅವನು. "ನಾನು ಹೇಳ್ತಿರೋದು, ಅದನ್ನ ನಾನು ತಿದ್ದಿದೆ ಅಂತ. ಕೈಯಿಂದ. ಲೆಕ್ಕ ನಿಲ್ತಿತ್ತು. ಮತ್ತೆ... ನೋಡೋಕೆ ಆಗ್ತಿರ್ಲಿಲ್ಲ."

ಹಿರಿಯ ಪೆನ್ನಿನ ಮುಚ್ಚಳ ಹಾಕಿದ. "ಯಾರ ಹೃದಯ ರೀ ಅದು?"

"ನಂದು."

ಗೋಡೆಯ ಮೇಲೆ ಆಳೆತ್ತರದ ಹೃದಯ, ಅದರ ಕೆಳಗೆ ಬೋಳು ತಲೆಯ ಅದರ ಮಾಲೀಕ. ಕಿರಿಯ, ಹಿರಿಯನಿಗೆ ಕಾಯದೆಯೇ, ಕಿಸಕ್ಕೆಂದ. ಯಕೃತ್ತಿನವನೂ ಕೆಮ್ಮಿನ ವೇಷದಲ್ಲಿ ನಕ್ಕ. ಬೆಳಿಗ್ಗೆ ತಾನು ಕೊಂದವನು ಎದುರಿಗೇ ಕೂತಿದ್ದಾನೆಂದು ಅವನಿಗೆ ಆಗ ಹೊಳೆದಿರಬೇಕು, ಕಾಫಿ ಲೋಟದಲ್ಲಿ ಮುಖ ಮುಳುಗಿಸಿದ. ಸೇತುವೆಯವಳು ಎದ್ದು ದೀಪ ಹಾಕಿದಳು. "ಒಂದು ಗಂಟೆ ಕೊಡಿ," ಎಂದಳು ಎಲ್ಲರಿಗೂ. "ಸರಿಯಾದ ತುದಿ ಹಾಕಿ ತೋರಿಸ್ತೀವಿ."

ಇಬ್ಬರೂ ಪಕ್ಕಪಕ್ಕ ಕೂತರು. ಎಂಟು ವರ್ಷ ಹೆಪ್ಪುಗಟ್ಟಿದ್ದ ಸುಳ್ಳು ಕರಗುವುದಕ್ಕೆ ನಲವತ್ತು ನಿಮಿಷ ಸಾಕಾಯಿತು. ಅಷ್ಟು ಸುಲಭವೆಂಬುದೇ ಒಂದು ಕಪಾಳಮೋಕ್ಷ. ತುದಿಯಲ್ಲಿ ತುಂಡುಗಳನ್ನು ಇನ್ನಷ್ಟು ಚಿಕ್ಕದು ಮಾಡಿದರೆ ಜಜ್ಜಿಹೋಗುವುದಿಲ್ಲ ಎಂದು ಅವಳು ತೋರಿಸಿದಳು. ಆಗಲೂ ಹಾಗೆ ಮಾಡಬಹುದಿತ್ತು. ನುಣುಪು ಬೇಕಾಗಿಯೇ ಇರಲಿಲ್ಲ, ಸಹನೆ ಬೇಕಾಗಿತ್ತು. "ನೀವು ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ ಸರ್?" ಎಂದು ಕೇಳಿದಳು. ಅವನು ಪರದೆಯತ್ತ ಬಾಗಿ ಇನ್ನೊಂದು ತುಂಡನ್ನು ಚಿಕ್ಕದು ಮಾಡಿದ. "ಸೇತುವೇನೂ ಹೇಳಲ್ಲ ಬಿಡಿ," ಎಂದಳು. ಹೊಸ ತುದಿಯೊಂದಿಗೆ ಹೃದಯ ಒಮ್ಮೆ ಕೆಮ್ಮಿತು; ತಿರುಪು ಗೋಡೆ ಸೀಳಿಕೊಂಡು ಆಚೆ ಇಣುಕಿತು. ಐದೂವರೆಗೆ ಹಿರಿಯ ಫೋನು ಮಾಡಿ ಹನ್ನೆರಡು ಜನರ ಚಿಕಿತ್ಸೆಯನ್ನು ನಿಲ್ಲಿಸಿದ. ಐದೂ ಮುಕ್ಕಾಲಿಗೆ ಮುಖ್ಯಸ್ಥ, ತಮ್ಮ ಲ್ಯಾಬಿನ ಕಟ್ಟುನಿಟ್ಟಾದ ತಪಾಸಣೆಯೇ ಈ ದೋಷವನ್ನು ಹಿಡಿಯಿತೆಂದೂ, ಗಿಡ್ಡ ತಿರುಪಿನ ಮೇಲೆ ಹೊಸ ಅಧ್ಯಯನ ಶುರುಮಾಡಬಹುದೆಂದೂ, ನಾನ್ನೂರು ಹೃದಯಗಳನ್ನು ಮತ್ತೆ ಮಾಡುವ ಯೋಜನೆಗೆ ನುಣ್ಣಣ್ಣನೇ, ಕ್ಷಮಿಸಿ, ನಮ್ಮ ಹಿರಿಯ ಸಹೋದ್ಯೋಗಿಯೇ ಮುಂದಾಳು ಎಂದೂ ಹೇಳಿದ. ಶಿಕ್ಷೆಗಾಗಿ ಬೆನ್ನು ಬಾಗಿಸಿ ನಿಂತವನ ಕೈಗೆ ಬಡ್ತಿ ಬಂತು. ತಪ್ಪೊಪ್ಪಿಕೊಳ್ಳುವುದಕ್ಕೂ ಈ ಕಟ್ಟಡದಲ್ಲಿ ಜಾಗವಿರಲಿಲ್ಲ, ಅದನ್ನೂ ನುಣುಪು ಮಾಡಿಬಿಟ್ಟರು.

ಆದರೂ ರಸ್ತೆಗೆ ಬಂದಾಗ ಕಾಲು ಹಗುರವಾಗಿತ್ತು. ಗಾಳಿ ಎದೆಯ ತಳದವರೆಗೂ ಹೋಗುತ್ತಿತ್ತು. ಹನ್ನೆರಡು ಜನ ಉಳಿದರು, ಹದಿಮೂರನೆಯವನು ತಾನು. ಅವನು ಓಡಿದ. ನಲವತ್ತೇಳನೆಯ ವಯಸ್ಸಿಗೆ, ಚೀಲ ಸೊಂಟಕ್ಕೆ ಬಡಿಯುತ್ತ, ಸಂಜೆಯ ಜನರ ನಡುವೆ ನುಗ್ಗಿ, ನಾಲ್ಕು ಬೀದಿ ಓಡಿದ. ಇದನ್ನು ಯಾರಿಗಾದರೂ ಹೇಳಲೇಬೇಕಿತ್ತು, ಮತ್ತು ಒಳ್ಳೆಯ ಸುದ್ದಿ ಹೇಳಲು ಮನುಷ್ಯನಿಗೆ ಹೆಂಡತಿಯಲ್ಲದೆ ಯಾರಿದ್ದಾರೆ? ಅಂಗಡಿಯ ಬಾಗಿಲಲ್ಲಿ ಪೆಟ್ಟಿಗೆ ಇತ್ತು. ಅವಳು ಬಾಯಿ ತೆರೆಯುವ ಮೊದಲೇ ಅದನ್ನು ತಬ್ಬಿ ಎತ್ತಿ ಒಳಗೆ ತಂದು ಮ್ಯಾಜಿಕ್ಕಿನವನ ಹಾಗೆ ಕೈ ಚೆಲ್ಲಿದ.

"ಬೆನ್ನು?" ಎಂದಳು ಅವಳು, ಮೂಗಿನ ಮೇಲಿನ ಕನ್ನಡಕದ ಮೇಲಿಂದ ನೋಡುತ್ತ.

"ಬೆನ್ನಿಗೆ ಏನೂ ಆಗಿಲ್ಲ. ಯಾವತ್ತೂ ಆಗಿರ್ಲಿಲ್ಲ!" ಎಂದು ನಕ್ಕು, ಏದುಸಿರಿನಲ್ಲೇ ಎಲ್ಲ ಹೇಳಿದ: ಸ್ಕ್ಯಾನು, ತೆಳ್ಳಗಿನ ತುದಿ, ಅಪ್ಪನ ಹಾಗೆ ತಾನೂ ಯಾವಾಗ ಬೇಕಾದರೂ ಹೋಗುತ್ತೇನೆಂದು ನಂಬಿಕೊಂಡದ್ದು, ಡಾಕ್ಟರ ಸೇಬು, 'ಅತ್ಯಂತ ಸಾಧಾರಣ'. ಯಕೃತ್ತಿನವನ ಮಾತನ್ನು ಅವನ ದನಿಯಲ್ಲೇ ಅಣಕಿಸಿ ತೋರಿಸಿದ. ಒಂದು ಒಳ್ಳೆಯ ತಮಾಷೆಯಾಗಿ ಅದು ಚೆನ್ನಾಗಿಯೇ ಬಂತು. ಅವಳು ಕೈಯಲ್ಲಿದ್ದ ಚೌಕಟ್ಟನ್ನು ಬಟ್ಟೆಯಿಂದ ಒರೆಸುತ್ತ ಕೇಳಿದಳು. ಒರೆಸಿದ್ದನ್ನೇ ಒರೆಸಿದಳು.

"ಯಾವ ತಿಂಗಳು?" ಎಂದಳು.

"ಏನು ಯಾವ ತಿಂಗಳು?"

"ಆ ಸ್ಕ್ಯಾನು."

ಅವನು ಹೇಳಿದ. ಹೇಳುವಾಗಲೇ ನಗು ಮುಖದಲ್ಲಿ ಎಲ್ಲಿ ಇಡಬೇಕೆಂದು ತಿಳಿಯದಾಯಿತು.

"ಆಗ ನಂಗೆ ಮೂವತ್ತಾರು," ಎಂದಳು. "ನಾನು ಒಲೆ ಒರೆಸ್ತಿದ್ದೆ."

"ಕೇಳು, ನಾನು ಅಂದ್ಕೊಂಡಿದ್ದು, ನಾಳೆ ನಾನೇ ಇಲ್ದೆ ಹೋದ್ರೆ ನೀನೊಬ್ಳೇ ಒಂದು ಮಗು ಇಟ್ಕೊಂಡು..."

"ನನ್ನನ್ನ ಕೇಳಿದ್ಯಾ?"

"ಹೆದರಿಸೋದು ಬೇಡ ಅಂತ..."

"ಹೆದರಿಸಬೇಕಿತ್ತು. ನಾನು ಗಂಡನ ಜೊತೆ ಹೆದರ್ತಿದ್ದೆ. ಒಂದೇ ದಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ, ಸಂಜೆಗೆ ಮುಗೀತಿತ್ತು." ಚೌಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. "ನಾನು ಏನಂದ್ಕೊಂಡಿದ್ದೆ ಗೊತ್ತಾ? ನಿಂಗೆ ನಾನು ಬೇಡ ಅಂತ. ನನ್ನಲ್ಲೇ ಏನೋ ಇದೆ ಅಂತ. ಅಮ್ಮ ಸಾಯೋವಾಗ, ನಿನ್ನ ಗಂಡ ಮೇಲಕ್ಕಾದ್ರೂ ಯಾಕೆ ಬರಲ್ಲ ಅಂತ ಕೇಳಿದ್ಲು. ಬೆನ್ನು ಅಂದೆ. ಎಂಟು ವರ್ಷ ಸಾಯ್ತೀನಿ ಸಾಯ್ತೀನಿ ಅಂತ ಒಬ್ಬನೇ ಮಜಾ ಮಾಡ್ಕೊಂಡಿದ್ದೆ, ಅಲ್ವಾ?"

ಬಾಗಿಲ ಗಂಟೆ ಸದ್ದಾಯಿತು; ಒಬ್ಬ ಮುದುಕ, ಮುರಿದ ಕನ್ನಡಕ ಹಿಡಿದು ಒಳಗೆ ಬಂದ. ಅವಳು ಎದ್ದು, ದಿನಾ ಬರುವ ಅದೇ ನಗುವಿನಿಂದ "ಕೂತ್ಕೊಳ್ಳಿ, ಏನಾಯ್ತು?" ಎಂದಳು. ಅವನು ಗೋಡೆಗೆ ಒರಗಿ ನಿಂತ. ಆ ನಗು ನಿಜವಾದದ್ದೋ ಮಾಡಿದ್ದೋ ಎಂದು ಇಷ್ಟು ಹತ್ತಿರದಿಂದಲೂ ತಿಳಿಯುತ್ತಿರಲಿಲ್ಲ. ಮೆಶ್ಶಾಗಿದ್ದರೆ ಮೂಲ ಸ್ಕ್ಯಾನು ತೆಗೆದು ಮೇಲಿಟ್ಟು ನೋಡಬಹುದಿತ್ತು. ತಪ್ಪಿದ್ದರೆ ನಲವತ್ತು ನಿಮಿಷದಲ್ಲಿ ಸರಿ ಮಾಡಬಹುದಿತ್ತು. ಸಾಯುವವನಾಗಿದ್ದಾಗ ಅವನು ಯಾರಿಗೂ ಏನೂ ವಿವರಿಸಬೇಕಾಗಿರಲಿಲ್ಲ. ಈಗ, ಡಾಕ್ಟರು ಹೇಳಿದ್ದು ನಿಜವಾದರೆ, ಇನ್ನೂ ಮೂವತ್ತು ವರ್ಷವಾದರೂ ಬದುಕುವ ಅಪಾಯವಿತ್ತು.

ಮುದುಕ ಹೋದ. ಅವಳು ದೀಪ ಆರಿಸಿ, ಬಾಗಿಲೆಳೆದು, ಬೀಗ ಹಾಕಿದಳು. ಅವನು ಕೈಚಾಚಿದರೂ ಚೀಲ ಕೊಡಲಿಲ್ಲ. ಬಸ್ಸಿನಲ್ಲಿ ಇಬ್ಬರ ಸೀಟುಗಳು ಎಷ್ಟೋ ಖಾಲಿ ಇದ್ದವು. ಅವಳು ನಿದ್ದೆ ಹೋಗಿದ್ದ ಯಾರೋ ಹೆಂಗಸಿನ ಪಕ್ಕ ಹೋಗಿ ಕೂತಳು. ಅವನು ಹಿಂದಿನ ಸೀಟಿನಲ್ಲಿ ಕೂತು ಅವಳ ಕುತ್ತಿಗೆಯನ್ನೂ, ಅಲ್ಲಿ ಯಾವಾಗಲೋ ಬೆಳ್ಳಗಾಗಿದ್ದ ಎಳೆಗಳನ್ನೂ ನೋಡಿದ. ಎರಡು ನಿಲ್ದಾಣ ಕಳೆದವು. ಮೂರನೆಯದಕ್ಕೆ ಬಸ್ಸು ನಿಧಾನವಾದಾಗ ಅವಳು ತಿರುಗದೆಯೇ ಮಾತಾಡಿದಳು, ಎಷ್ಟು ಮೆಲ್ಲಗೆಂದರೆ ಅವನು ಮುಂದೆ ಬಾಗಿ ಕಿವಿ ಕೊಡಬೇಕಾಯಿತು.

"ಹೆಸರೂ ಯೋಚ್ನೆ ಮಾಡಿಟ್ಟಿದ್ದೆ."

"ಏನಂತ?" ಎಂದ ಅವನು.

ಬಸ್ಸು ನಿಂತಿತು. ಯಾರೋ ಇಳಿದರು, ಯಾರೋ ಹತ್ತಿದರು, ಬಾಗಿಲು ಮುಚ್ಚಿತು.

"ಅದನ್ನ ನಿಂಗೆ ಹೇಳಲ್ಲ," ಎಂದಳು.